ಬಳ್ಳಾರಿಯಲ್ಲಿ ಸಣ್ಣ ಜೀನ್ಸ್ ಘಟಕ ಹಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆಗೆ ತಡೆ ಹಾಕಿದಾಗ, ಲಾರಿ ಮತ್ತು ಗಣಿ ಕೂಲಿಯನ್ನೇ ನೆಚ್ಚಿಕೊಂಡಿದ್ದ ಮನೆಗಳು ಬೇರೆ ದಾರಿ ಹುಡುಕಬೇಕಾಯಿತು. ಊರಲ್ಲಿ ಮೊದಲಿಂದಲೂ ಇದ್ದ ದಾರಿಗಳಲ್ಲಿ ಜೀನ್ಸ್ ಹೊಲಿಗೆ ಒಂದು. ಕೌಲ್ ಬಜಾರಿನ ಮನೆಗಳಲ್ಲಿ ಎರಡು ಮಷೀನು ಇಟ್ಟುಕೊಂಡವರಿಂದ ಹಿಡಿದು ದೊಡ್ಡ ಶೆಡ್ಡಿನವರೆಗೆ ಈ ಕಸುಬು ಹರಡಿದೆ. ಇಲ್ಲಿನ ಉತ್ತರಗಳು 8ರಿಂದ 10 ಮಷೀನಿನ ಘಟಕ ಹಾಕಲು ಹೊರಟವರಿಗಾಗಿ. ರೂಪಾಯಿ ಲೆಕ್ಕಗಳೆಲ್ಲ ಉದಾಹರಣೆಗೆ ಹಿಡಿದ ಅಂಕಿಗಳು. ನಿಮ್ಮ ದರ ಹಾಕಿ ಲೆಕ್ಕ ಮಾಡಿಕೊಳ್ಳಿ.

ಸ್ವಂತ ಬ್ರಾಂಡ್ ಮಾಡಿದರೆ ಲಾಭ ಜಾಸ್ತಿ ಅಲ್ಲವೇ? ಜಾಬ್ ವರ್ಕ್ (ಬೇರೆಯವರ ಬಟ್ಟೆಯನ್ನು ಮಜೂರಿಗೆ ಹೊಲಿದುಕೊಡುವುದು) ಯಾಕೆ ಮಾಡಬೇಕು?

ಒಂದು ಪೀಸಿನ ಮೇಲೆ ನೋಡಿದರೆ ಬ್ರಾಂಡಿನಲ್ಲೇ ಲಾಭ ಜಾಸ್ತಿ. ಆದರೆ ಹೊಸ ಘಟಕಗಳು ಮುಚ್ಚುವುದು ಲಾಭ ಸಾಲದೆ ಅಲ್ಲ, ಕೈಯಲ್ಲಿ ರೊಕ್ಕ ಇಲ್ಲದೆ. ಲೆಕ್ಕ ಹಾಕಿ ನೋಡಿ.

ದಿನಕ್ಕೆ 100 ಪೀಸು, ತಿಂಗಳಿಗೆ 25 ದಿನ, ಅಂದರೆ 2,500 ಪೀಸು. ಬಟ್ಟೆ, ಜಿಪ್, ಬಟನ್, ಹೊಲಿಗೆ, ವಾಶಿಂಗ್, ಪ್ಯಾಕಿಂಗ್ ಎಲ್ಲ ಸೇರಿ ಪೀಸಿಗೆ 350 ರೂಪಾಯಿ ಬೀಳುತ್ತದೆ ಎನ್ನೋಣ. ತಿಂಗಳಿಗೆ 8.75 ಲಕ್ಷ ಹಾಕಬೇಕು. ಬಟ್ಟೆಗೆ ನಗದು ಕೊಟ್ಟ ದಿನದಿಂದ ಮಾಲು ತಯಾರಾಗಿ ಹೊರಗೆ ಹೋಗಲು 20 ದಿನ, ಅಂಗಡಿಯವರ ಉದ್ರಿ 60 ದಿನ. ಒಟ್ಟು 80 ದಿನ ನಿಮ್ಮ ಹಣ ಹೊರಗೇ ಇರುತ್ತದೆ. 8.75 ಲಕ್ಷವನ್ನು 80 ದಿನಕ್ಕೆ ಹರಡಿದರೆ 23 ಲಕ್ಷ ದಾಟುತ್ತದೆ. ಮಷೀನಿನ ಬೆಲೆ ಇದರಲ್ಲಿ ಸೇರಿಲ್ಲ. ಒಬ್ಬ ಅಂಗಡಿಯವರು ಹಬ್ಬ ಮುಗಿಯಲಿ ಎಂದು ಇನ್ನೊಂದು ತಿಂಗಳು ತಳ್ಳಿದರೆ ಆ ವಾರದ ಬಟವಾಡೆಗೇ ಕುತ್ತು ಬರುತ್ತದೆ.

ಜಾಬ್ ವರ್ಕಿನಲ್ಲಿ ಬಟ್ಟೆ, ಕೆಲಸ ಕೊಡುವ ಪಾರ್ಟಿಯದು. ಪೀಸಿಗೆ 90 ರೂಪಾಯಿ ಮಜೂರಿ, ನಿಮ್ಮ ಖರ್ಚು 75 ಎಂದುಕೊಳ್ಳಿ. ತಿಂಗಳಿಗೆ ಬೇಕಾದದ್ದು 1.88 ಲಕ್ಷ, ಉಳಿಯುವುದು 37,500. ಹಣ ಒಂದು ತಿಂಗಳು ತಡವಾದರೂ ಸಾಲ ತಂದು ನಿಭಾಯಿಸಬಹುದು. ಅದಕ್ಕೇ ನಮ್ಮ ಸಲಹೆ ಖಡಾಖಂಡಿತ: ಮೊದಲ 12ರಿಂದ 18 ತಿಂಗಳು ಜಾಬ್ ವರ್ಕ್. ಕೈ ಕುದುರಿದ ಮೇಲೆ ತಿಂಗಳಿಗೆ 200 ಪೀಸು ಸ್ವಂತ ಲೇಬಲ್ಲಿನಲ್ಲಿ, ಅದೂ ನಗದು ಕೊಡುವ ಎರಡು ಮೂರು ಅಂಗಡಿಗಳಿಗೆ ಮಾತ್ರ.

ಜಾಬ್ ವರ್ಕಿನಲ್ಲೂ ಒಬ್ಬರೇ ಪಾರ್ಟಿಯ ಕೆಲಸ ಹಿಡಿಯಬೇಡಿ. ಇಬ್ಬರಾದರೂ ಇರಲಿ, ಒಬ್ಬರ ಕೆಲಸ ಒಟ್ಟು ಕೆಲಸದ ಮುಕ್ಕಾಲು ಪಾಲು ದಾಟದಿರಲಿ.

ಎಷ್ಟು ಮಷೀನು ಬೇಕು? ಯಾವ ಯಾವವು?

ಐದು ಸಿಂಗಲ್ ನೀಡಲ್ ಲಾಕ್‌ಸ್ಟಿಚ್ (ದಪ್ಪ ಬಟ್ಟೆಯದು, ಶರ್ಟ್ ಹೊಲಿಯುವುದಲ್ಲ), ಒಂದು ಡಬಲ್ ನೀಡಲ್, ಅಂಚು ಹೊಲಿಯುವ ಒಂದು ಐದು ದಾರದ ಓವರ್‌ಲಾಕ್, ಒಂದು ಫೀಡ್ ಆಫ್ ದಿ ಆರ್ಮ್ (ಕಾಲಿನ ಉದ್ದದ ಮಡಿಕೆ ಹೊಲಿಗೆಗೆ). ಇಷ್ಟಿದ್ದರೆ ಪ್ಯಾಂಟಿನ ಒಡಲು ತಯಾರಾಗುತ್ತದೆ. ಬೆಲ್ಟ್ ಹಚ್ಚುವ ಮಷೀನು, ಕಣ್ಣಿನ ಕಾಜಾ ಮಷೀನು, ಬಾರ್ಟ್ಯಾಕ್ (ಎಳೆತ ಬೀಳುವ ಜಾಗಕ್ಕೆ ಒತ್ತು ಹೊಲಿಗೆ ಹಾಕುವುದು) ಮೂರೂ ದುಬಾರಿ. ದಿನಕ್ಕೆ 100 ಪೀಸಿಗೆ ಅವು ಹೆಚ್ಚು ಹೊತ್ತು ಸುಮ್ಮನೆ ನಿಂತಿರುತ್ತವೆ. ಆ ಕೆಲಸವನ್ನು ಪೀಸ್ ಲೆಕ್ಕದಲ್ಲಿ ಹೊರಗೆ ಮಾಡಿಸಿ. ಹೊರಗೆ ಕೊಡುವ ಹಣ ಮಷೀನಿನ ಕಂತನ್ನು ಮೀರಿದ ತಿಂಗಳು ಮೊದಲು ಬಾರ್ಟ್ಯಾಕ್ ಕೊಳ್ಳಿ. ಜೇಬಿನ ಮೂಲೆ, ಲೂಪು, ಜಿಪ್ಪಿನ ತುದಿ ಎಲ್ಲಕ್ಕೂ ಅದೇ ಬೇಕಾಗುವುದರಿಂದ ಬೇಗ ದುಡಿದುಕೊಡುತ್ತದೆ.

ಉತ್ಪಾದನೆಯ ಅಂದಾಜು ಹೀಗೆ ಹಾಕಿ. ಸಾದಾ ಐದು ಜೇಬಿನ ಪ್ಯಾಂಟಿಗೆ ಒಟ್ಟು 20 ನಿಮಿಷದ ಹೊಲಿಗೆ ಎಂದು ಹಿಡಿಯಿರಿ. 10 ಜನ, ತಲಾ 480 ನಿಮಿಷ, ಒಟ್ಟು 4,800 ನಿಮಿಷ. ಕಾಗದದ ಮೇಲೆ 240 ಪೀಸು. ಹೊಸ ಘಟಕ ಅದರ 40 ಪರ್ಸೆಂಟ್ ಮುಟ್ಟಿದರೆ 96. ಬ್ಯಾಂಕಿಗೆ ಕೊಡುವ ಯೋಜನಾ ವರದಿಯಲ್ಲಿ 240 ಎಂದು ಬರೆದು ಕಂತು ಲೆಕ್ಕ ಹಾಕಿದವರು ನಾಲ್ಕನೇ ತಿಂಗಳಿಗೇ ಕಂತು ತಪ್ಪಿಸುತ್ತಾರೆ.

ಕ್ಲಚ್ ಮೋಟಾರೋ, ಸರ್ವೋ ಮೋಟಾರೋ?

ಸರ್ವೋ. ಕ್ಲಚ್ ಮೋಟಾರು ಸ್ವಿಚ್ ಹಾಕಿದ ಹೊತ್ತಿನಿಂದ ತಿರುಗುತ್ತಲೇ ಇರುತ್ತದೆ. ಸರ್ವೋ ಪೆಡಲ್ ಒತ್ತಿದಾಗ ಮಾತ್ರ ಕರೆಂಟು ತಿನ್ನುತ್ತದೆ. ಟೈಲರ್ ದಿನದ ಹೆಚ್ಚು ಹೊತ್ತು ಪೀಸು ಎತ್ತುವುದು, ಜೋಡಿಸುವುದರಲ್ಲೇ ಕಳೆಯುವುದರಿಂದ ಉಳಿತಾಯ ಸಣ್ಣದಲ್ಲ. ಬಳ್ಳಾರಿಯ ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ ಕ್ಲಚ್ ಮೋಟಾರು ಶೆಡ್ಡಿನ ಸೆಕೆಯನ್ನೂ ಹೆಚ್ಚಿಸುತ್ತದೆ. ಮನೆಯ ಮೀಟರಿನಲ್ಲಿ ಘಟಕ ನಡೆಸಬೇಡಿ. ವಿದ್ಯುತ್ ಕಂಪನಿ ಜೆಸ್ಕಾಂನಲ್ಲಿ ಕೈಗಾರಿಕಾ ಸಂಪರ್ಕವನ್ನೇ ತೆಗೆದುಕೊಳ್ಳಿ.

ಒಂದು ಪ್ಯಾಂಟಿಗೆ ಎಷ್ಟು ಬಟ್ಟೆ ಹಿಡಿಯಬೇಕು?

58 ಇಂಚು ಅಗಲದ ಡೆನಿಮ್, ಗಂಡಸರ 32 ಸೈಜಿಗೆ 1.2ರಿಂದ 1.3 ಮೀಟರ್. ಆದರೆ ಒಂದೊಂದೇ ಸೈಜನ್ನು ಬೇರೆ ಬೇರೆ ಕತ್ತರಿಸಿದರೆ ಬಟ್ಟೆ ಹಾಳು. 28ರಿಂದ 36ರವರೆಗಿನ ಸೈಜುಗಳನ್ನು ಒಂದೇ ಮಾರ್ಕರ್‌ನಲ್ಲಿ (ಕತ್ತರಿಸುವ ತುಂಡುಗಳ ನಕ್ಷೆಯಲ್ಲಿ) ಸೇರಿಸಿದರೆ ದೊಡ್ಡ ಸೈಜಿನ ಸಂದಿನಲ್ಲಿ ಸಣ್ಣ ಸೈಜಿನ ಜೇಬು, ಯೋಕು (ಹಿಂದೆ ಸೊಂಟದ ಕೆಳಗಿನ ತುಂಡು) ಕೂರುತ್ತವೆ. ಮೀಟರಿಗೆ 180 ರೂಪಾಯಿಯ ಬಟ್ಟೆ 1.25 ಮೀಟರ್ ಎಂದರೆ 225 ರೂಪಾಯಿ. ಅದರಲ್ಲಿ 2 ಪರ್ಸೆಂಟ್ ಉಳಿದರೆ ಪೀಸಿಗೆ ನಾಲ್ಕೂವರೆ ರೂಪಾಯಿ, 2,500 ಪೀಸಿಗೆ 11,250. ಒಳ್ಳೆಯ ಕಟಿಂಗ್ ಮಾಸ್ಟರಿಗೆ ಎರಡು ಸಾವಿರ ಹೆಚ್ಚು ಕೊಡಲು ಹಿಂದೆಮುಂದೆ ನೋಡುವವರು ಈ ಲೆಕ್ಕ ಹಾಕಿ ನೋಡಬೇಕು.

ಜಾಬ್ ವರ್ಕ್ ಆದರೆ, ಪಾರ್ಟಿ ಕೊಟ್ಟ ಬಟ್ಟೆಯನ್ನು ಬಂದ ದಿನವೇ ಅಳೆದು ಚಲನ್ನಿನ ಹಿಂದೆ ಬರೆದು ಸಹಿ ಹಾಕಿಸಿಕೊಳ್ಳಿ. ರೋಲಿನ ಚೀಟಿಯಲ್ಲಿ 100 ಮೀಟರ್ ಇದ್ದು ಒಳಗೆ 98 ಇದ್ದರೆ, ಆ ಎರಡು ಮೀಟರ್ ಕೊನೆಗೆ ನಿಮ್ಮ ಮಜೂರಿಯಲ್ಲಿ ಕಡಿತವಾಗುತ್ತದೆ.

ಸರಿಯಾಗಿ ಅಳತೆ ಹಾಕಿ ಕತ್ತರಿಸಿದರೂ ವಾಶಿಂಗ್ ಆದ ಮೇಲೆ ಸೈಜು ಕಮ್ಮಿ ಬರುತ್ತದೆ. ಯಾಕೆ?

ಹೊಸ ಘಟಕಗಳಿಗೆ ಹೆಚ್ಚು ಹಣ ಕಳೆಯುವ ತಪ್ಪು ಇದೇ. ಸ್ವಲ್ಪ ವಿವರವಾಗಿ ನೋಡೋಣ.

ಪ್ರತಿ ಲಾಟಿನಿಂದ, ಸಾಧ್ಯವಾದರೆ ಪ್ರತಿ ರೋಲಿನಿಂದ, 60 ಸೆಂಟಿಮೀಟರಿನ ಚೌಕ ಕತ್ತರಿಸಿ. ಅಂಚು ಓವರ್‌ಲಾಕ್ ಮಾಡಿ. ಒಳಗೆ ಅಳಿಯದ ಪೆನ್ನಿನಿಂದ 50 ಸೆಂಟಿಮೀಟರಿನ ಚೌಕ ಗೆರೆ ಹಾಕಿ, ಉದ್ದದ ಕಡೆ ಬಾಣ ಬರೆಯಿರಿ. ಅದನ್ನು ಬಕೆಟ್ಟಿನಲ್ಲಿ ಅದ್ದಿ ತೆಗೆದರೆ ಸಾಲದು. ಆ ಪ್ಯಾಂಟಿಗೆ ಯಾವ ವಾಶ್ ಮಾಡಿಸುತ್ತೀರೋ ಅದೇ ವಾಶಿಗೆ, ಅದೇ ಡ್ರೈಯರಿಗೆ ಕಳಿಸಿ. ಒಣಗಿ ತಣ್ಣಗಾದ ಮೇಲೆ ಅಳೆಯಿರಿ. ಉದ್ದ 50 ಇದ್ದದ್ದು 47 ಆಗಿದ್ದರೆ 6 ಪರ್ಸೆಂಟ್, ಅಗಲ 43 ಆಗಿದ್ದರೆ 14 ಪರ್ಸೆಂಟ್ ಕುಗ್ಗಿದೆ. ಸ್ಟ್ರೆಚ್ ಡೆನಿಮ್ ಅಗಲದಲ್ಲಿ ಇಷ್ಟು ಕುಗ್ಗುವುದು ಅಪರೂಪವೇನಲ್ಲ.

ಇನ್ನು ಪ್ಯಾಟರ್ನ್ ಹಿಗ್ಗಿಸುವಾಗ ಆಗುವ ತಪ್ಪು. ಸೀಟು (ಹಿಂಭಾಗದ ಸುತ್ತಳತೆ) ತೊಳೆದ ಮೇಲೆ 100 ಸೆಂಟಿಮೀಟರ್ ಬರಬೇಕು. 14 ಪರ್ಸೆಂಟ್ ಕುಗ್ಗುತ್ತದೆ ಎಂದು 14 ಕೂಡಿಸಿ 114ಕ್ಕೆ ಕತ್ತರಿಸುತ್ತಾರೆ. ಆದರೆ 114ರ 14 ಪರ್ಸೆಂಟ್ ಸುಮಾರು 16, ಉಳಿಯುವುದು 98. ಎರಡು ಸೆಂಟಿಮೀಟರ್ ಕಮ್ಮಿ. 32 ಬರೆದ ಪ್ಯಾಂಟು 31ರಂತೆ ಹಿಡಿಯುತ್ತದೆ. ಸರಿಯಾದ ಲೆಕ್ಕ ಭಾಗಾಕಾರ: 100 ÷ 0.86 = 116.3. ಕುಗ್ಗುವುದು 3–4 ಪರ್ಸೆಂಟ್ ಇದ್ದಾಗ ಎರಡು ಲೆಕ್ಕಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಸ್ಟ್ರೆಚ್ ಬಟ್ಟೆ ಬಂದ ಮೇಲೆ ಹಳೆಯ ಮಾಸ್ಟರುಗಳ ಕೈ ಲೆಕ್ಕ ತಪ್ಪುತ್ತಿರುವುದು ಇದಕ್ಕೇ.

ಬಟ್ಟೆಯನ್ನು ರೋಲಿನಿಂದ ಬಿಚ್ಚಿದ ಕೂಡಲೇ ಎಳೆದು ಹಾಸಿ ಕತ್ತರಿಸುವುದೂ ತಪ್ಪು. ಸ್ಟ್ರೆಚ್ ಬಟ್ಟೆಯನ್ನು ಹಿಂದಿನ ದಿನವೇ ಬಿಚ್ಚಿ ಸಡಿಲವಾಗಿ ಬಿಡಿ, 24 ಗಂಟೆ ಕಳೆದ ಮೇಲೆ ಹಾಸಿ. ಪೂರ್ತಿ ಲಾಟು ಕತ್ತರಿಸುವ ಮೊದಲು ಪ್ರತಿ ಸೈಜಿನ ಒಂದೊಂದು ಪೀಸು ಹೊಲಿದು, ತೊಳೆಸಿ, ಅಳೆಯಿರಿ. ಎರಡು ದಿನ ತಡವಾಗುತ್ತದೆ, ಆಗಲಿ.

ಒಂದೇ ಪ್ಯಾಂಟಿನ ಎರಡು ಕಾಲು ಎರಡು ಬಣ್ಣ ಕಾಣುತ್ತದೆ. ವಾಶಿಂಗಿನವರ ತಪ್ಪೇ?

ಬಹುಪಾಲು ಕಟಿಂಗ್ ಟೇಬಲ್ಲಿನ ತಪ್ಪು. ರೋಲಿನಿಂದ ರೋಲಿಗೆ ನೀಲಿ ಬಣ್ಣದಲ್ಲಿ ಅಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಹೊಲಿಯುವಾಗ ಕಾಣದು, ತೊಳೆದ ಮೇಲೆ ಎದ್ದು ಕಾಣುತ್ತದೆ. ಕತ್ತರಿಸಿದ ಪ್ರತಿ ತುಂಡಿಗೂ ಪದರದ ನಂಬರಿನ ಚೀಟಿ ಹಚ್ಚಿ, 17ನೇ ಪದರದ ಮುಂಭಾಗಕ್ಕೆ 17ನೇ ಪದರದ ಹಿಂಭಾಗವನ್ನೇ ಕೂಡಿಸಬೇಕು. ಚೀಟಿ ಹಚ್ಚುವ ಕೆಲಸಕ್ಕೆ ಒಬ್ಬರನ್ನು ಇಟ್ಟ ಖರ್ಚು, 500 ಪೀಸಿನ ಲಾಟಿನಲ್ಲಿ 30 ಪೀಸು ಸೆಕೆಂಡ್ಸ್ (ದೋಷದ ಮಾಲು) ಆಗುವುದಕ್ಕಿಂತ ಕಡಿಮೆ.

ದಪ್ಪ ಜಾಗದಲ್ಲಿ ಹೊಲಿಗೆ ಬಿಟ್ಟುಹೋಗುತ್ತದೆ, ದಾರ ಕಡಿಯುತ್ತದೆ.

ಸೂಜಿ ನೋಡಿ. 10ರಿಂದ 12 ಔನ್ಸಿನ ಡೆನಿಮ್‌ಗೆ 16 ಅಥವಾ 18 ನಂಬರ್ ಸೂಜಿ. ದಾರಕ್ಕೆ ತಕ್ಕ ದಪ್ಪ ಇರದಿದ್ದರೆ ದಾರ ಉಜ್ಜಿ ಕಡಿಯುತ್ತದೆ. ತುದಿ ಮೊಂಡಾದ ಸೂಜಿ ಸ್ಟ್ರೆಚ್ ಬಟ್ಟೆಯ ರಬ್ಬರ್ ಎಳೆಯನ್ನು ಕತ್ತರಿಸುತ್ತದೆ. ಅದು ಗೊತ್ತಾಗುವುದು ತೊಳೆದ ಮೇಲೆ, ಹೊಲಿಗೆಯ ಪಕ್ಕ ಸಣ್ಣ ಸಣ್ಣ ತೂತು ಕಂಡಾಗ. ದಿನಕ್ಕೊಮ್ಮೆ ಸೂಜಿ ಬದಲಿಸುವುದನ್ನು ನಿಯಮ ಮಾಡಿ. ನಾಲ್ಕು ಹೊಲಿಗೆ ಕೂಡುವ ಕವಟೆಯ ಜಾಗದಲ್ಲಿ ವೇಗ ತಗ್ಗಿಸಬೇಕು. ಬಟ್ಟೆ ಕೂಡುವ ಹೊಲಿಗೆ ಇಂಚಿಗೆ 7ರಿಂದ 9 ಇರಲಿ.

ವಾಶಿಂಗ್ ಘಟಕವನ್ನೂ ನಾವೇ ಹಾಕಬಹುದೇ?

ಸಣ್ಣ ಬಂಡವಾಳದಲ್ಲಿ ಬೇಡ. ಹೊಲಿಗೆ ಘಟಕಕ್ಕೂ ವಾಶಿಂಗ್ ಘಟಕಕ್ಕೂ ಅಜಗಜಾಂತರ. ವಾಶಿಂಗಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಘಟಕ ಕಟ್ಟುವ ಮೊದಲು ಒಂದು ಸಮ್ಮತಿ, ನಡೆಸುವ ಮೊದಲು ಇನ್ನೊಂದು ಸಮ್ಮತಿ ಬೇಕು. ಜೊತೆಗೆ ಬಣ್ಣದ ನೀರು ಶುದ್ಧೀಕರಿಸುವ ಘಟಕ, ಬಾಯ್ಲರ್, ಕೆಸರು ವಿಲೇವಾರಿ. ಈ ವ್ಯವಸ್ಥೆ ಇಲ್ಲದ ವಾಶಿಂಗ್ ಘಟಕಗಳನ್ನು ಮುಚ್ಚಿಸಿದಾಗ ನಗರದ ಹೊಲಿಗೆಯವರೆಲ್ಲರ ಮಾಲೂ ನಿಂತುಹೋಗುತ್ತದೆ. ಅದಕ್ಕೇ ವಾಶಿಂಗ್ ಪಾರ್ಟಿ ಹಿಡಿಯುವಾಗ ದರಕ್ಕಿಂತ ಮೊದಲು ಅವರ ಸಮ್ಮತಿ ಪತ್ರದ ಅವಧಿ ನೋಡಿ, ಇನ್ನೊಬ್ಬರನ್ನು ಬದಲಿಗೆ ಇಟ್ಟುಕೊಳ್ಳಿ.

ಕೆಲಸ ಕೊಡುವಾಗ ಮೂರು ವಿಷಯ ಬರೆದು ಕೊಡಿ: ಯಾವ ವಾಶ್, ಒಪ್ಪಿದ ಸ್ಯಾಂಪಲ್ ಪೀಸು, ಸ್ಟ್ರೆಚ್ ಬಟ್ಟೆ ಹೌದೋ ಅಲ್ಲವೋ. ಸ್ಟ್ರೆಚ್ ಬಟ್ಟೆಗೆ ಕ್ಲೋರಿನ್ ಬ್ಲೀಚ್ ಜೋರಾದರೆ ರಬ್ಬರ್ ಎಳೆ ಸತ್ತು, ಮೊಣಕಾಲು ಜೋತುಬೀಳುತ್ತದೆ. ಬಣ್ಣ ತೆಳುವಾಗಿಸುವ ಪರ್ಮ್ಯಾಂಗನೇಟ್ ಹೊಡೆದ ಮೇಲೆ ಸರಿಯಾಗಿ ತಟಸ್ಥ ಮಾಡದಿದ್ದರೆ ಗೋದಾಮಿನಲ್ಲಿಟ್ಟ ಮಾಲು ಹಳದಿಗೆ ತಿರುಗುತ್ತದೆ.

ಮರಳು ಹೊಡೆದು ಬಣ್ಣ ತೆಗೆಯುವ ಕೆಲಸ ಯಾರೇ ಒಪ್ಪಿಕೊಂಡರೂ ನೀವು ಮಾಡಿಸಬೇಡಿ. ಆ ಧೂಳು ಶ್ವಾಸಕೋಶದಲ್ಲಿ ಸೇರಿ ಸಿಲಿಕೋಸಿಸ್ ತರುತ್ತದೆ, ಅದಕ್ಕೆ ವಾಸಿಯಾಗುವ ಮದ್ದಿಲ್ಲ. ಟರ್ಕಿ ದೇಶ 2009ರಲ್ಲೇ ಇದನ್ನು ನಿಷೇಧಿಸಿತು. ಅದೇ ನೋಟವನ್ನು ಕೈಯಿಂದ ಎಮರಿ ಕಾಗದ ಉಜ್ಜಿ ತರಬಹುದು.

ಉದ್ಯಮ್ ನೋಂದಣಿಗೆ ಎಷ್ಟು ಖರ್ಚು?

ಒಂದು ರೂಪಾಯಿಯೂ ಇಲ್ಲ. ಇದು ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ನೋಂದಣಿ. ಆಧಾರ್ ಮತ್ತು ಪ್ಯಾನ್ ಇದ್ದರೆ ಸರ್ಕಾರದ ಜಾಲತಾಣದಲ್ಲಿ ನೀವೇ ಮಾಡಿಕೊಳ್ಳಬಹುದು. ಹಣ ಕೇಳುವ ತಾಣಗಳು ಖಾಸಗಿಯವರವು. ಮೊದಲ ಬಿಲ್ಲು ಬರೆಯುವ ಮೊದಲೇ ಮಾಡಿಸಿ. ಯಾಕೆ ಎಂಬುದು ಬಾಕಿ ಹಣದ ಪ್ರಶ್ನೆಯಲ್ಲಿ ಗೊತ್ತಾಗುತ್ತದೆ.

ಜಿಎಸ್‌ಟಿ ಯಾವಾಗ ಮಾಡಿಸಬೇಕು?

ಜಾಬ್ ವರ್ಕ್ ಸೇವೆ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಕಡ್ಡಾಯವಲ್ಲ. ಸ್ವಂತ ಮಾಲು ರಾಜ್ಯದೊಳಗೆ ಮಾತ್ರ ಮಾರಿದರೆ ಮಿತಿ 40 ಲಕ್ಷ. ಆದರೆ ನಮ್ಮದು ಗಡಿ ಜಿಲ್ಲೆ. ಆದೋನಿ, ಗುಂತಕಲ್ಲು, ರಾಯದುರ್ಗದ ಅಂಗಡಿಯವರು ನಮಗೆ ಪಕ್ಕದೂರಿನವರು, ಜಿಎಸ್‌ಟಿ ಕಣ್ಣಿಗೆ ಹೊರರಾಜ್ಯದವರು. ಅವರಿಗೆ 20 ಪ್ಯಾಂಟು ಮಾರಿದರೂ ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ಕಾಂಪೋಸಿಷನ್ ಯೋಜನೆಯಲ್ಲಿ (ಸಣ್ಣ ವಹಿವಾಟಿನವರ ಸರಳ ತೆರಿಗೆ) ತಯಾರಕರಿಗೆ 1 ಪರ್ಸೆಂಟ್ ತೆರಿಗೆ ಎಂದು ಸೇರಿಕೊಂಡವರು ಹೊರರಾಜ್ಯಕ್ಕೆ ಮಾಲು ಕಳಿಸುವಂತಿಲ್ಲ. ಬಳ್ಳಾರಿಯಲ್ಲಿ ಕೂತು ಆಂಧ್ರದ ಮಾರುಕಟ್ಟೆ ಬಿಟ್ಟುಕೊಡುವುದು ದುಬಾರಿ. ಸಾಮಾನ್ಯ ನೋಂದಣಿಯೇ ಲೇಸು.

2025ರ ಸೆಪ್ಟೆಂಬರ್ 22ರಿಂದ, ಪೀಸಿಗೆ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ 5 ಪರ್ಸೆಂಟ್, ಅದಕ್ಕೂ ಮೇಲಿನದಕ್ಕೆ 18 ಪರ್ಸೆಂಟ್. ಬಳ್ಳಾರಿಯ ಬಹುತೇಕ ಮಾಲು ಮೊದಲ ಸಾಲಿನಲ್ಲೇ ಬರುತ್ತದೆ.

ಸಾಲ ಮತ್ತು ಸಬ್ಸಿಡಿ ಹೇಗೆ?

ಹೊಸ ಘಟಕಕ್ಕೆ ಮೊದಲು ನೋಡಬೇಕಾದದ್ದು ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ). 2022ರಲ್ಲಿ ಏರಿಸಿದ ಮಿತಿಯಂತೆ ಉತ್ಪಾದನಾ ಘಟಕಕ್ಕೆ 50 ಲಕ್ಷದವರೆಗಿನ ಯೋಜನೆ. ಸಾಮಾನ್ಯ ವರ್ಗಕ್ಕೆ ನಗರದಲ್ಲಿ 15, ಹಳ್ಳಿಯಲ್ಲಿ 25 ಪರ್ಸೆಂಟ್ ಸಬ್ಸಿಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಅಂಗವಿಕಲರು, ಮಾಜಿ ಸೈನಿಕರಿಗೆ ನಗರದಲ್ಲಿ 25, ಹಳ್ಳಿಯಲ್ಲಿ 35. ಸ್ವಂತ ಪಾಲು ಸಾಮಾನ್ಯರಿಗೆ 10, ಉಳಿದವರಿಗೆ 5 ಪರ್ಸೆಂಟ್.

ಉದಾಹರಣೆಗೆ, ಹಳ್ಳಿಯಲ್ಲಿ ಮಹಿಳೆಯೊಬ್ಬರ 20 ಲಕ್ಷದ ಯೋಜನೆ. ಸ್ವಂತ ಪಾಲು 1 ಲಕ್ಷ, ಬ್ಯಾಂಕ್ ಸಾಲ 19 ಲಕ್ಷ, ಸಬ್ಸಿಡಿ 7 ಲಕ್ಷ. ಈ 7 ಲಕ್ಷ ಕೈಗೆ ಬರುವುದಿಲ್ಲ. ನಿಮ್ಮ ಹೆಸರಿನ ಠೇವಣಿಯಾಗಿ ಬ್ಯಾಂಕಿನಲ್ಲೇ 3 ವರ್ಷ ಇರುತ್ತದೆ. ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಇಲ್ಲ. ಘಟಕ ನಡೆಯುತ್ತಿದೆ ಎಂದು ಖಾತ್ರಿಯಾದ ಮೇಲೆ ಸಾಲಕ್ಕೆ ಜಮಾ. ಸಬ್ಸಿಡಿ ಬರುತ್ತದೆ, ಅದರಲ್ಲಿ ಬಟ್ಟೆ ಕೊಳ್ಳೋಣ ಎಂದುಕೊಂಡವರು ಮೊದಲ ತಿಂಗಳಲ್ಲೇ ಸಿಕ್ಕಿಬೀಳುತ್ತಾರೆ.

ಅರ್ಜಿ ತಿರಸ್ಕಾರವಾಗಲು ಕಾರಣಗಳು: ಈಗಾಗಲೇ ನಡೆಯುತ್ತಿರುವ ಘಟಕಕ್ಕೆ ಕೇಳುವುದು, ಜಾಗದ ಬೆಲೆಯನ್ನು ಯೋಜನೆಯಲ್ಲಿ ಸೇರಿಸುವುದು, 10 ಲಕ್ಷ ದಾಟಿದ ಯೋಜನೆಗೆ 8ನೇ ತರಗತಿ ಪಾಸಾದ ದಾಖಲೆ ಇಲ್ಲದಿರುವುದು, ದುಡಿಯುವ ಬಂಡವಾಳವನ್ನು ತೋರಿಸದೆ ಎಲ್ಲವನ್ನೂ ಮಷೀನಿಗೆ ಬರೆಯುವುದು. ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗುವ ಮೊದಲು, ಸಾಲ ಕೊಡಬೇಕಾದ ಬ್ಯಾಂಕ್ ಶಾಖೆಯ ಮ್ಯಾನೇಜರನ್ನು ಭೇಟಿಯಾಗಿ. ಕೊನೆಗೆ ತೀರ್ಮಾನ ಅವರದೇ.

ಒಬ್ಬನೇ ಟೈಲರ್, ಮನೆಯಲ್ಲೇ ಹೊಲಿಯುತ್ತೇನೆ. ನನಗೇನಿದೆ?

ಪಿಎಂ ವಿಶ್ವಕರ್ಮ, ಕೈಕಸುಬಿನವರಿಗಾಗಿ ಕೇಂದ್ರದ ಯೋಜನೆ. ಅದರ 18 ಕಸುಬುಗಳಲ್ಲಿ ದರ್ಜಿಯೂ ಇದೆ. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000, ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ಸಾಲ, ಬಡ್ಡಿ 5 ಪರ್ಸೆಂಟ್. ಮನೆಗೆ ಒಬ್ಬರಿಗೆ ಮಾತ್ರ. ಹಿಂದಿನ 5 ವರ್ಷದಲ್ಲಿ ಪಿಎಂಇಜಿಪಿ ಸಾಲ ಪಡೆದವರಿಗೆ ಸಿಗದು.

ಟೈಲರುಗಳು ಅಡ್ವಾನ್ಸ್ ತೆಗೆದುಕೊಂಡು ಬೇರೆ ಕಡೆ ಹೋಗುತ್ತಾರೆ. ಏನು ಮಾಡುವುದು?

ದೊಡ್ಡ ಅಡ್ವಾನ್ಸ್ ಕೊಟ್ಟು ಕಟ್ಟಿಹಾಕುವ ಪದ್ಧತಿ ಇಬ್ಬರಿಗೂ ಕೆಡುಕು. ಅವರು ಉಳಿಯುವುದು ಎರಡು ಕಾರಣಕ್ಕೆ: ಶನಿವಾರದ ಬಟವಾಡೆ ತಪ್ಪದಿರುವುದು, ಕೆಲಸ ಖಾಲಿ ಕೂರದಿರುವುದು. ಯುಗಾದಿ, ರಂಜಾನ್, ದಸರಾ–ದೀಪಾವಳಿ ಮುಂಚಿನ ವಾರಗಳಲ್ಲಿ ಎಲ್ಲರಿಗೂ ಕೆಲಸ ಇರುತ್ತದೆ. ಖಾಲಿ ತಿಂಗಳಲ್ಲಿ ಅರ್ಧ ಕೆಲಸವಾದರೂ ಕೊಟ್ಟವರ ಬಳಿಗೇ ಅವರು ಹಬ್ಬದ ಮುಂದೆ ಬರುತ್ತಾರೆ. ಪೀಸ್ ರೇಟನ್ನು ಗೋಡೆಗೆ ಬರೆದು ಹಾಕಿ: ಜೇಬು ಇಷ್ಟು, ಜಿಪ್ ಇಷ್ಟು, ಬೆಲ್ಟ್ ಇಷ್ಟು. ಕೆಟ್ಟ ಪೀಸಿಗೆ ದುಡ್ಡು ಕಡಿಯುವ ಬದಲು ಅವರಿಂದಲೇ ಬಿಚ್ಚಿಸಿ ಹೊಲಿಸಿ.

ದಾರ ಕತ್ತರಿಸುವುದು, ಬಟನ್ ಹಚ್ಚುವುದನ್ನು ಮನೆಗೆ ಒಯ್ದು ಮಾಡುವ ಹೆಣ್ಣುಮಕ್ಕಳಿಗೆ ಪೀಸಿನ ಲೆಕ್ಕದ ಚೀಟಿ ಕೊಡಿ. ಎಣಿಕೆ ತಪ್ಪಿ ನಷ್ಟವಾಗುವುದು ಯಾವಾಗಲೂ ಅವರಿಗೇ, ಅದು ಸರಿಯಲ್ಲ. 10 ಜನ ಆದರೆ ಇಎಸ್‌ಐ (ನೌಕರರ ವಿಮೆ; ತಿಂಗಳಿಗೆ 21,000 ರೂಪಾಯಿವರೆಗಿನ ವೇತನಕ್ಕೆ ಮಾಲೀಕರದು 3.25, ನೌಕರರದು 0.75 ಪರ್ಸೆಂಟ್), 20 ಆದರೆ ಭವಿಷ್ಯ ನಿಧಿ. ಮಜೂರಿ ಕೇಳುವಾಗಲೇ ಇದನ್ನು ದರದಲ್ಲಿ ಸೇರಿಸಿ ಹೇಳಿ.

ಪಾರ್ಟಿ ಹಣ ಕೊಡುತ್ತಿಲ್ಲ. ಕಾನೂನಿನಲ್ಲಿ ದಾರಿ ಇದೆಯೇ?

ಇದೆ. ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಘಟಕಕ್ಕೆ, ಬರವಣಿಗೆಯ ಒಪ್ಪಂದ ಇದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸೌಲಭ್ಯ ಮಂಡಳಿಗೆ ಆನ್‌ಲೈನಿನಲ್ಲಿ ಕೊಡಬಹುದು. ಮಾಲು ಕೊಟ್ಟ ಮೇಲೆ ಉದ್ಯಮ್ ಮಾಡಿಸಿದರೆ ಹಳೆಯ ಬಿಲ್ಲುಗಳಿಗೆ ಈ ರಕ್ಷಣೆ ಸಿಗುವುದು ಕಷ್ಟ.

ದೂರಿಗಿಂತ ಮೊದಲು ಹಿಡಿಯಬೇಕಾದ ದಾರಿ ಇನ್ನೊಂದಿದೆ. ಅವಧಿ ಮೀರಿದ ಬಾಕಿಯನ್ನು, ಹಣ ಕೊಟ್ಟ ವರ್ಷದವರೆಗೆ ಪಾರ್ಟಿ ತನ್ನ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ. ಫೆಬ್ರವರಿಯಲ್ಲೇ ಬಾಕಿ ಪಟ್ಟಿಗೆ ಉದ್ಯಮ್ ನಂಬರ್ ಬರೆದು ಪಾರ್ಟಿಗೂ ಅವರ ಲೆಕ್ಕಿಗರಿಗೂ ಕಳಿಸಿ. ಮಾರ್ಚ್ 31ರೊಳಗೆ ಕೊಡಿ ಎಂದು ಲೆಕ್ಕಿಗರೇ ಹೇಳುತ್ತಾರೆ. ಇದಕ್ಕೆಲ್ಲ ಆಧಾರ ಮೂರು ಕಾಗದ: ಬಿಲ್ಲು, ಮಾಲು ಒಪ್ಪಿಕೊಂಡ ಸಹಿಯ ಚಲನ್ನು, ದರ ಒಪ್ಪಿದ ವಾಟ್ಸ್‌ಆ್ಯಪ್ ಸಂದೇಶ. ಬಾಯಿಮಾತಿನ ವಹಿವಾಟಿಗೆ ಯಾವ ಮಂಡಳಿಯೂ ಹಣ ಕೊಡಿಸಲಾರದು.

ಸ್ವಂತ ಲೇಬಲ್ಲಿನ ಹೆಸರು ನೋಂದಣಿ ಮಾಡಿಸಬೇಕೇ?

ಮಾಡಿಸಿ, ಅದೂ ಲೇಬಲ್ ನೇಯಿಸುವ ಮೊದಲು. ಉಡುಪಿನ ಟ್ರೇಡ್‌ಮಾರ್ಕ್ 25ನೇ ವರ್ಗದಲ್ಲಿ ಬರುತ್ತದೆ. ವ್ಯಕ್ತಿಗೆ ಅಥವಾ ಉದ್ಯಮ್ ಇರುವ ಸಣ್ಣ ಘಟಕಕ್ಕೆ ಆನ್‌ಲೈನ್ ಶುಲ್ಕ 4,500 ರೂಪಾಯಿ, ನೋಂದಣಿ 10 ವರ್ಷಕ್ಕೆ. ಮೊದಲು ಟ್ರೇಡ್‌ಮಾರ್ಕ್ ತಾಣದಲ್ಲಿ ಹೆಸರು ಹುಡುಕಿ. ಹೆಸರಾಂತ ಬ್ರಾಂಡಿನ ಒಂದು ಅಕ್ಷರ ಬದಲಿಸಿ ಇಟ್ಟ ಹೆಸರಿಗೆ ನೋಂದಣಿ ಸಿಗುವುದು ಹಾಗಿರಲಿ, ಮಾಲೇ ಜಪ್ತಿಯಾಗಬಹುದು. ಪಾರ್ಟಿಯೊಬ್ಬರು ಅಂಥ ಲೇಬಲ್ ತಂದು ಹೊಲಿದುಕೊಡಿ ಎಂದರೂ ಒಪ್ಪಬೇಡಿ. ದಾಳಿಯಾದಾಗ ಮಾಲು ಸಿಗುವುದು ನಿಮ್ಮ ಶೆಡ್ಡಿನಲ್ಲಿ.